ತೀರಿಹೋದವರ ಹೆಸರಿನ ಕರೆಂಟ್ ಬಿಲ್: ಕೊಡಗಿನಲ್ಲಿ ಬಾಕಿ ತೀರಿಸಿ ಹೆಸರು ಬದಲಿಸುವ ಸೇವೆ ಹೇಗಿದೆ?

ಕೊಡಗಿಗೆ ಕರೆಂಟ್ ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್. ಅದರ ಎರಡು ಸೇವೆಗಳ ಬಗ್ಗೆ ಮಾತ್ರ ಈ ವಿಮರ್ಶೆ. ಒಂದು, ತೀರಿಹೋದವರ ಹೆಸರಿನಲ್ಲಿ ನಿಂತ ಬಾಕಿ ಕಟ್ಟುವುದು. ಇನ್ನೊಂದು, ಆ ಮೀಟರನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳುವುದು. ಮೊದಲನೆಯದು ಬಹಳ ಸಲೀಸು, ದುಡ್ಡು ಹೆಚ್ಚಾಗಿ ಕೈಬಿಡುವುದೂ ಅಲ್ಲೇ. ಎರಡನೆಯದು ನಿಧಾನ, ಆದರೆ ಕಾಗದಪತ್ರ ಸರಿಯಿದ್ದರೆ ನೆಚ್ಚಬಹುದು.

ಫೋನ್‌ಪೇಯಲ್ಲಿ ಅಕೌಂಟ್ ಐಡಿ ಒತ್ತಿದ ಕೂಡಲೇ ಒಂದು ಮೊತ್ತ ಬರುತ್ತದೆ. ಅದು ಹೇಗೆ ಬೆಳೆಯಿತು ಎಂಬುದು ಅಲ್ಲಿ ಕಾಣುವುದಿಲ್ಲ. ಅದಕ್ಕೇ ಕಟ್ಟುವ ಮೊದಲು ಸೆಸ್ಕ್ ಉಪವಿಭಾಗ ಕಚೇರಿಯಲ್ಲಿ ಆರ್‌ಆರ್ ನಂಬರ್ (ಬಿಲ್ಲಿನಲ್ಲಿರುವ ಸಂಪರ್ಕದ ನೋಂದಣಿ ಸಂಖ್ಯೆ) ಕೊಟ್ಟು, ತಿಂಗಳುವಾರು ಲೆಡ್ಜರ್, ಅಂದರೆ ಲೆಕ್ಕದ ಪ್ರತಿ ಬೇಕೆಂದು ಬರೆದು ಕೇಳಿ. ಇದನ್ನು ಬಿಟ್ಟವರೇ ಹೆಚ್ಚು, ನಷ್ಟವೂ ಅವರಿಗೇ.

ಮಕ್ಕಳು ಬೆಂಗಳೂರು, ಮೈಸೂರು ಸೇರಿ ಬೀಗ ಬಿದ್ದ ಮನೆಗಳಲ್ಲಿ ಬಾಕಿ ಏರುವುದು ಎರಡು ದಾರಿಯಲ್ಲಿ. ಒಂದು ನಿಗದಿತ ಶುಲ್ಕ. 2025-26ರ ದರದಲ್ಲಿ ಗೃಹಬಳಕೆಗೆ ಮಂಜೂರಾದ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ. ಹಳೆಯ ದೊಡ್ಡ ಮನೆಗೆ 3 ಕಿಲೋವ್ಯಾಟ್ ಇದ್ದರೆ ತಿಂಗಳಿಗೆ 435, ವರ್ಷಕ್ಕೆ 5,220. ಒಂದು ಬಲ್ಬ್ ಉರಿಯದಿದ್ದರೂ ಇಷ್ಟು ಬರುತ್ತದೆ, ಮೇಲೆ ತಡವಾದದ್ದಕ್ಕೆ ತಿಂಗಳಿಗೆ ಶೇ 1 ಬಡ್ಡಿ. ಮನೆ ಸದ್ಯ ಬಳಸುವುದಿಲ್ಲವೆಂದಾದರೆ ಲೋಡ್ (ಮಂಜೂರಾದ ಕಿಲೋವ್ಯಾಟ್) ಇಳಿಸಲು ಅರ್ಜಿ ಕೊಡುವುದೇ ಮೇಲು.

ಇನ್ನೊಂದು ಡೋರ್ ಲಾಕ್ ಬಿಲ್. ಮೀಟರ್ ಬೀಗ ಹಾಕಿದ ಜಗಲಿಯೊಳಗಿದ್ದರೆ, ಇಲ್ಲವೇ ತೋಟದ ಗೇಟ್ ಮುಚ್ಚಿದ್ದರೆ, ರೀಡರ್ ಸರಾಸರಿ ಹಾಕಿ ಹೋಗುತ್ತಾರೆ. ಬಿಲ್ಲಿನಲ್ಲಿ ಹಿಂದಿನ ರೀಡಿಂಗ್, ಇಂದಿನ ರೀಡಿಂಗ್ ಎರಡೂ ಒಂದೇ ಇದ್ದು ಬಳಕೆ ಮಾತ್ರ 60 ಯೂನಿಟ್ ಎಂದಿದ್ದರೆ ಅದು ಸರಾಸರಿ ಬಿಲ್ಲೇ. ಬೀಗ ತೆಗೆದು, ಮೀಟರಿನ ಅಂಕಿ ಮತ್ತು ಕ್ರಮಸಂಖ್ಯೆ ಎರಡೂ ಕಾಣುವಂತೆ ಫೋಟೊ ಹಿಡಿದು, ನಿಜವಾದ ರೀಡಿಂಗ್ ತೆಗೆಸಿ ಬಿಲ್ ಸರಿಹೊಂದಿಸಲು ಅರ್ಜಿ ಕೊಡಿ. ಮೀಟರನ್ನು ಹೊರಗೋಡೆಗೆ, ಮಳೆಯ ಎರಚಲು ತಾಗದ ಕಡೆಗೆ ಬದಲಿಸಿಕೊಂಡರೆ ಈ ಪಾಡು ಮತ್ತೆ ಬರುವುದಿಲ್ಲ.

ಫ್ಯೂಸ್ ಕೀಳುತ್ತೇವೆಂದು ಲೈನ್‌ಮನ್ ಬಂದರೆ ಹೆದರಬೇಕಿಲ್ಲ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಮಿನಂತೆ ಪೂರ್ತಿ 15 ದಿನದ ಲಿಖಿತ ನೋಟಿಸ್ ಕೊಟ್ಟೇ ಕಡಿತ ಮಾಡಬೇಕು. ಮೊತ್ತದ ಬಗ್ಗೆ ತಕರಾರಿದ್ದರೆ, ಕೇಳಿದ ಹಣ ಅಥವಾ ಹಿಂದಿನ ಆರು ತಿಂಗಳ ಸರಾಸರಿ ಲೆಕ್ಕದ ಹಣ, ಎರಡರಲ್ಲಿ ಕಡಿಮೆಯಾದದ್ದನ್ನು 'ಆಕ್ಷೇಪಣೆಯೊಂದಿಗೆ ಪಾವತಿ' ಎಂದು ಬರೆದು ಕಟ್ಟಿದರೆ, ವ್ಯಾಜ್ಯ ಮುಗಿಯುವ ತನಕ ಕಡಿತ ಮಾಡುವಂತಿಲ್ಲ. ಎರಡು ವರ್ಷ ದಾಟಿದ ಬಾಕಿಯನ್ನು ಬಿಲ್ಲುಗಳಲ್ಲಿ ಸತತವಾಗಿ ತೋರಿಸುತ್ತ ಬಂದಿರದಿದ್ದರೆ ಅದಕ್ಕಾಗಿ ಕಡಿತವಿಲ್ಲ. ಲೆಡ್ಜರ್ ಕೈಯಲ್ಲಿರಬೇಕು ಎನ್ನುವುದು ಇದಕ್ಕಾಗಿಯೂ. ತಕರಾರು ಕಚೇರಿಯಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯಿದೆ, ಅದರ ಮೇಲೆ ಮೇಲ್ಮನವಿ ಕೇಳುವ ಒಂಬುಡ್ಸ್‌ಮನ್.

'ಸಾಲ ಅಜ್ಜನದು, ನಮಗೇನು' ಎನ್ನುವ ವಾದ ಮಾತ್ರ ನಿಲ್ಲುವುದಿಲ್ಲ. ತೀರಿಹೋದವರ ಸಾಲಕ್ಕೆ, ಬಂದ ಆಸ್ತಿಯ ಮಟ್ಟಿಗೆ ವಾರಸುದಾರರು ಹೊಣೆ. ನಿಯಮದಲ್ಲಿ ಅವಕಾಶವಿದ್ದರೆ ಹಳೆಯ ಮಾಲೀಕರ ಬಾಕಿ ತೀರಿಸಿದ ಮೇಲೆಯೇ ಹೊಸ ಸಂಪರ್ಕ ಎಂದು ಷರತ್ತು ಹಾಕಬಹುದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ.

ಹೆಸರು ವರ್ಗಾವಣೆಗೆ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಛಾಪಾ ಕಾಗದದ ಮೇಲೆ ನಷ್ಟಭರ್ತಿ ಮುಚ್ಚಳಿಕೆ, ಮನೆ ಕಂದಾಯದ ರಸೀದಿ ಅಥವಾ ಆರ್‌ಟಿಸಿ (ಪಹಣಿ), ಬಾಕಿಯಿಲ್ಲದ ಕೊನೆಯ ಬಿಲ್ ಒಯ್ಯಿರಿ. ಕೊಡಗಿನಲ್ಲಿ ಸಿಕ್ಕು ಬೀಳುವುದು ಆರ್‌ಟಿಸಿಯಲ್ಲಿ. ಜಮ್ಮಾ ಜಾಗವಾದರೆ, ಅಂದರೆ ತಲೆಮಾರಿನಿಂದ ಒಕ್ಕಕ್ಕೆ (ಮನೆತನಕ್ಕೆ) ಬಂದ ಭೂಮಿಯಾದರೆ, ಮನೆತನದ ಮುಖ್ಯಸ್ಥರಾದ ಪಟ್ಟೇದಾರರ ಜೊತೆ ಒಕ್ಕದ ಹಲವರ ಹೆಸರಿರುತ್ತದೆ, ಅದರಲ್ಲಿ ತೀರಿಹೋದ ಹಿರಿಯರೂ ಇರುತ್ತಾರೆ. ದೊಡ್ಡಪ್ಪನ ಮಕ್ಕಳೊಬ್ಬರು ಸಹಿ ಹಾಕದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಕೈಲ್‌ಪೊಳ್ದ್, ಪುತ್ತರಿ ಹಬ್ಬಕ್ಕೆ ಎಲ್ಲರೂ ಐನ್‌ಮನೆ (ಒಕ್ಕದ ಮೂಲಮನೆ) ಸೇರಿದಾಗಲೇ ಒಪ್ಪಿಗೆ ಪತ್ರಕ್ಕೆ ಸಹಿ ತೆಗೆದುಕೊಳ್ಳುವುದು ಜಾಣತನ. ಮರಣ ನೋಂದಣಿ 21 ದಿನದೊಳಗೆ ಆಗಿದೆಯೇ ನೋಡಿ. ವರ್ಷ ಮೀರಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು, ಅಲ್ಲಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಮನೆ ಮೀಟರ್ ಒಂದೇ ಎಂದುಕೊಳ್ಳಬೇಡಿ. ತೋಟದ ಪಂಪ್‌ಸೆಟ್, ಲೈನ್‌ಮನೆ (ತೋಟದ ಕೆಲಸಗಾರರ ಸಾಲುಮನೆ), ಇವುಗಳ ಆರ್‌ಆರ್ ನಂಬರ್ ಬೇರೆ ಬೇರೆ. ಕಾಫಿ ಹೂ ಅರಳಲು ಬೇಕಾದ ಹೂಮಳೆ ಕೈಕೊಟ್ಟ ವರ್ಷ ಫೆಬ್ರುವರಿ, ಮಾರ್ಚ್‌ನಲ್ಲಿ ಓಡುವ ಪಂಪಿಗೆ ಉಳಿದ ತಿಂಗಳೂ ಎಚ್‌ಪಿ ಲೆಕ್ಕದ ಶುಲ್ಕ ಬೀಳುತ್ತದೆ. ಗದ್ದೆಯ ಪಂಪ್‌ಸೆಟ್ಟಿನಂತೆ ಕಾಫಿ ತೋಟದ್ದೂ ತಾನಾಗಿ ಉಚಿತ ಎಂದು ನಂಬಿ ಬಿಲ್ ಎತ್ತಿಡುವುದು ದೊಡ್ಡ ತಪ್ಪು, ಅದರ ದರಪಟ್ಟಿಯೇ ಬೇರೆ.

ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ ತೀರಿಹೋದವರ ಆಧಾರ್ ಜೋಡಣೆಯಾಗಿದ್ದರೆ ಅದನ್ನು ಬಿಡಿಸಿ, ಆ ಮನೆಯಲ್ಲಿ ವಾಸವಿರುವವರದನ್ನು ಜೋಡಿಸಬೇಕು. ಒಬ್ಬರ ಆಧಾರ್‌ಗೆ ಒಂದೇ ಮೀಟರ್. ಮೈಸೂರಿನ ಮನೆಗೆ ಬಳಸಿದ್ದನ್ನು ಇಲ್ಲಿಗೂ ಹಾಕಲಾಗದು. ನೀರಿನ ಬಾಕಿ ಪಂಚಾಯಿತಿ ಅಥವಾ ನಗರಸಭೆಯದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಅಂಕ ಕೊಡುವುದಾದರೆ ಪಾವತಿಗೆ ಐದಕ್ಕೆ ನಾಲ್ಕೂವರೆ, ಹೆಸರು ವರ್ಗಾವಣೆಗೆ ಮೂರು. ಒಂದೇ ಮೀಟರಿಗೆ ಇಷ್ಟೊಂದು ಕಾಗದ ಕೇಳುವುದು ವಯಸ್ಸಾದ ಒಂಟಿ ಹೆಂಗಸರಿಗೆ ನಿಜಕ್ಕೂ ಹೊರೆ, ಅದಕ್ಕೇ ಎರಡು ಅಂಕ ಕಡಿತ. ವರ್ಗಾವಣೆಯಾದ ಮೇಲಿನ ಮೊದಲ ಬಿಲ್ಲಿನಲ್ಲಿ ಹೆಸರು ಬದಲಾಗಿದೆಯೇ, ಹಳೆಯ ಬಾಕಿ ಸೊನ್ನೆಯೇ, ಹಿಂದಿನವರು ಕಟ್ಟಿದ್ದ ಠೇವಣಿ ಹೊಸ ಹೆಸರಿಗೆ ಬಂದಿದೆಯೇ ನೋಡಿ. ಠೇವಣಿ ಬಂದಿಲ್ಲವಾದರೆ ಹಳೆಯ ರಸೀದಿ ಹಿಡಿದು ಆ ತಿಂಗಳೇ ಕೇಳಿ.