‘ಪ್ರೂವಬ್ಲಿ ಫೇರ್’ ಅಂತ ಬರೆದಿದ್ದರೂ ದುಡ್ಡು ಹಾಕಬೇಡಿ: ಕ್ರ್ಯಾಶ್ ಆಟದ ಒಳಲೆಕ್ಕ

ಮೇಲೇರುವ ವಿಮಾನ ಅಥವಾ ರಾಕೆಟ್, ಪಕ್ಕದಲ್ಲಿ ಏರುತ್ತಾ ಹೋಗುವ ಒಂದು ಅಂಕಿ, ಕೆಳಗೆ ‘ಕ್ಯಾಶ್ ಔಟ್’ ಬಟನ್. ಇಂಥ ಆಟದ ಲಿಂಕನ್ನು ಯಾರಾದರೂ ನಿಮಗೆ ಕಳಿಸಿದ್ದರೆ ದುಡ್ಡು ಹಾಕುವ ಮುಂಚೆ ಇದನ್ನು ಪೂರ್ತಿ ಓದಿ. ಈ ಆಟದಲ್ಲಿ ಹಣ ಕಳೆದುಕೊಂಡವರಲ್ಲಿ ಹೆಚ್ಚಿನವರು ‘ಸೈಟ್‌ನವರು ಮೋಸ ಮಾಡಿದರು’ ಎನ್ನುತ್ತಾರೆ. ಕೆಲವು ಕಡೆ ಅದು ನಿಜ. ಆದರೆ ‘ಪ್ರೂವಬ್ಲಿ ಫೇರ್’ (ಮೋಸವಿಲ್ಲವೆಂದು ಪರೀಕ್ಷಿಸಿ ನೋಡಬಹುದು) ಎಂಬ ಮುದ್ರೆ ಹೊತ್ತ, ಒಂದಿಷ್ಟೂ ಮೋಸ ಇಲ್ಲದ ಕ್ರ್ಯಾಶ್ ಆಟದಲ್ಲೂ ದುಡ್ಡು ಹೋಗುತ್ತದೆ, ಏಕೆಂದರೆ ಆಟವನ್ನು ಕಟ್ಟಿರುವುದೇ ಹಾಗೆ.

ಆಟದ ನಿಯಮ ಎರಡು ಸಾಲಿನದು. ಸುತ್ತು ಶುರುವಾಗುವ ಮೊದಲು ಪಣ ಇಡಬೇಕು, ಅಂಕಿ 1.00ರಿಂದ ಏರತೊಡಗುತ್ತದೆ. 1.80 ಆದಾಗ ಕ್ಯಾಶ್ ಔಟ್ ಒತ್ತಿದರೆ ₹100ಕ್ಕೆ ₹180 ಸಿಗುತ್ತದೆ, ಒತ್ತುವ ಮೊದಲೇ ‘ಕ್ರ್ಯಾಶ್’ ಆದರೆ ಆ ನೂರೂ ಹೋಯಿತು.

ಈ ಆಟ ಹುಟ್ಟಿದ್ದು 2014ರಲ್ಲಿ, ಮನಿಪಾಟ್ ಎಂಬ ಬಿಟ್‌ಕಾಯಿನ್ ಜೂಜಿನ ತಾಣದಲ್ಲಿ. ಮುಂದಿನ ವರ್ಷ ಅದಕ್ಕೆ ಬಸ್ಟಾಬಿಟ್ ಎಂಬ ಹೆಸರು ಬಂತು. ಅಲ್ಲಿ ಪಣ ಕಟ್ಟುತ್ತಿದ್ದುದು ‘ಬಿಟ್’ ಲೆಕ್ಕದಲ್ಲಿ. ಒಂದು ಬಿಟ್ ಅಂದರೆ ಬಿಟ್‌ಕಾಯಿನ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು. ಆ ತಾಣದ ಮೊದಲ ಆವೃತ್ತಿಯ ಸೋರ್ಸ್ ಕೋಡ್ ಎಲ್ಲರಿಗೂ ಸಿಗುವಂತೆ ಪ್ರಕಟವಾಯಿತು. ಪರಿಣಾಮವಾಗಿ ಪ್ರೋಗ್ರಾಮಿಂಗ್ ಅಲ್ಪಸ್ವಲ್ಪ ಬಲ್ಲವನೂ ಅದೇ ಪರದೆ, ಅದೇ ಗ್ರಾಫ್, ಅದೇ ಚಾಟ್ ಪೆಟ್ಟಿಗೆ ಇರುವ ಇನ್ನೊಂದು ಸೈಟ್ ನಿಲ್ಲಿಸಬಹುದಾಯಿತು. ಇಂದು ಕಾಣುವ ಅಸಂಖ್ಯ ನಕಲುಗಳಿಗೆ ಇದೂ ಒಂದು ಕಾರಣ. 2017ರಲ್ಲಿ ಶುರುವಾದ ಸ್ಟೇಕ್‌ನಂಥ ದೊಡ್ಡ ಕ್ರಿಪ್ಟೋ ಕ್ಯಾಸಿನೊಗಳು ಕ್ರ್ಯಾಶನ್ನು ತಮ್ಮ ಮುಖ್ಯ ಆಟಗಳಲ್ಲಿ ಒಂದಾಗಿಸಿಕೊಂಡವು. 2019ರಲ್ಲಿ ಜಾರ್ಜಿಯಾ ದೇಶದ ಸ್ಪ್ರೈಬ್ ಕಂಪನಿ ಏವಿಯೇಟರ್ ತಂದ ಮೇಲೆ ನಮ್ಮ ಹುಡುಗರ ಮೊಬೈಲ್‌ಗಳಿಗೂ ಬಂತು.

ಈಗ ಲೆಕ್ಕ. ಬಸ್ಟಾಬಿಟ್ ಮಾದರಿಯಲ್ಲಿ ಸೈಟ್‌ನ ಪಾಲು, ಅಂದರೆ ಹೌಸ್ ಎಡ್ಜ್, ಶೇ. 1. ಅಂಕಿ ಒಂದು ಮಟ್ಟವನ್ನು ಮುಟ್ಟುವ ಸಂಭವ ಎಷ್ಟೆಂದು ತಿಳಿಯಲು 0.99ನ್ನು ಆ ಮಟ್ಟದಿಂದ ಭಾಗಿಸಿದರೆ ಸಾಕು. 2.00 ಮುಟ್ಟುವುದು 1000 ಸುತ್ತಿನಲ್ಲಿ 495 ಸಲ. 10.00 ಮುಟ್ಟುವುದು 99 ಸಲ. 100.00 ಮುಟ್ಟುವುದು ಸುಮಾರು 10 ಸಲ. ನೂರಕ್ಕೆ ಸುಮಾರು ಎರಡು ಸುತ್ತು 1.00ರಲ್ಲೇ ಮುಗಿಯುತ್ತವೆ, ಬಟನ್ ಒತ್ತಲು ಯಾರಿಗೂ ಸಮಯವೇ ಇರುವುದಿಲ್ಲ. ಏವಿಯೇಟರ್‌ನಲ್ಲಿ ಆಟಗಾರರಿಗೆ ಮರಳುವ ಪಾಲು ಶೇ. 97 ಎಂದು ಕಂಪನಿಯೇ ಹೇಳುತ್ತದೆ. ಅಂದರೆ ಅಲ್ಲಿ ಸೈಟ್‌ನ ಪಾಲು ಮೂರು ಪಟ್ಟು.

ಶೇ. 1 ತಾನೇ, ಅದೇನು ಮಹಾ ಅನ್ನಿಸುತ್ತದೆ. ಆ ಒಂದು ಶೇಕಡಾ ಕಡಿತವಾಗುವುದು ನೀವು ಜಮಾ ಮಾಡಿದ ಹಣದ ಮೇಲೆ ಒಂದೇ ಸಲ ಅಲ್ಲ, ಇಟ್ಟ ಪ್ರತಿ ಪಣದ ಮೇಲೂ. ಬಸ್ಟಾಬಿಟ್‌ನಲ್ಲಿ ಅಂಕಿ 2.00 ತಲುಪಲು ಸುಮಾರು ಹನ್ನೊಂದೂವರೆ ಸೆಕೆಂಡ್ ಬೇಕು, 10.00 ತಲುಪಲು 38 ಸೆಕೆಂಡ್. ನಡುವಿನ ಕಾಯುವಿಕೆ ಸೇರಿಸಿದರೂ ಗಂಟೆಗೆ 160ರ ಆಸುಪಾಸು ಸುತ್ತುಗಳು ಮುಗಿಯುತ್ತವೆ. ಸುತ್ತಿಗೆ ₹500 ಇಟ್ಟರೆ ಗಂಟೆಯಲ್ಲಿ ₹80,000 ಪಣಕ್ಕೆ ಬಿದ್ದಂತೆ, ನಿಮ್ಮ ವಾಲೆಟ್‌ನಲ್ಲಿ ಇದ್ದದ್ದು ಬರೀ ₹5,000 ಇದ್ದರೂ. ಸರಾಸರಿಯಲ್ಲಿ ಅದರಿಂದ ಸೈಟ್‌ಗೆ ಸೇರುವುದು ಶೇ. 1ರ ಆಟದಲ್ಲಿ ₹800, ಶೇ. 3ರ ಆಟದಲ್ಲಿ ₹2,400. ಇದು ಒಂದು ಗಂಟೆಯ ಬಾಬತ್ತು.

‘1.01ಕ್ಕೆ ಆಟೋ ಕ್ಯಾಶ್ ಔಟ್ ಇಟ್ಟುಬಿಡಿ, ಸೇಫ್’ ಎಂಬ ಸಲಹೆ ಎಲ್ಲ ಗುಂಪುಗಳಲ್ಲೂ ಓಡಾಡುತ್ತದೆ. ₹100ಕ್ಕೆ ₹1 ಲಾಭ. ಒಂದು ಸುತ್ತು ಕೈಕೊಟ್ಟರೆ ಅದನ್ನು ತುಂಬಿಸಲು 100 ಗೆಲುವು ಬೇಕು. ಕೈಕೊಡುವುದು ಮಾತ್ರ ನೂರರಲ್ಲಿ ಸರಾಸರಿ ಎರಡು ಸುತ್ತು.

ಇನ್ನೊಂದು ಸಲಹೆ ಮಾರ್ಟಿಂಗೇಲ್: 2.00ಕ್ಕೆ ಗುರಿ ಇಡು, ಸೋತರೆ ಪಣ ದ್ವಿಗುಣ ಮಾಡು, ಗೆದ್ದ ತಕ್ಷಣ ಹಿಂದಿನದೆಲ್ಲ ವಾಪಸ್. ಜನರನ್ನು ಅತಿ ಹೆಚ್ಚು ಮುಳುಗಿಸುವುದು ಇದೇ, ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ. ₹100ರಿಂದ ಶುರು ಮಾಡಿದರೆ ಹತ್ತನೆಯ ಪಣ ₹51,200. ಹತ್ತೂ ಸತತವಾಗಿ ಸೋತರೆ ಒಟ್ಟು ಹೋದದ್ದು ₹1,02,300, ಹನ್ನೊಂದನೆಯದಕ್ಕೆ ಮತ್ತೆ ₹1,02,400 ಬೇಕು. ನಿರ್ದಿಷ್ಟ ಹತ್ತು ಸುತ್ತು ಸತತವಾಗಿ ಸೋಲುವ ಸಂಭವ ಸುಮಾರು 930ಕ್ಕೆ ಒಂದು. ಕೇಳಲು ಅಪರೂಪ. ಆದರೆ ತಾನಾಗಿ ಪಣ ಇಡುವ ಸ್ಕ್ರಿಪ್ಟ್ ಹಾಕಿ ಎಂಟು ಗಂಟೆ ನಿದ್ದೆ ಮಾಡಿದರೆ ಸುಮಾರು 1,280 ಸುತ್ತು ಆಗಿರುತ್ತದೆ. ಅಷ್ಟರೊಳಗೆ ಅಂಥ ಒಂದು ಸಾಲು ಬರುವ ಸಂಭವ ಹೆಚ್ಚುಕಡಿಮೆ ಅರ್ಧ. ಬಾರದೆ ಹೋದ ರಾತ್ರಿ ₹60,000ಕ್ಕೂ ಮೇಲೆ ಗೆದ್ದಿರುತ್ತೀರಿ, ಆ ಸ್ಕ್ರೀನ್‌ಶಾಟ್ ಗುಂಪಿಗೆ ಹೋಗುತ್ತದೆ. ಬಂದ ರಾತ್ರಿಯ ಸ್ಕ್ರೀನ್‌ಶಾಟನ್ನು ಯಾರೂ ಹಾಕುವುದಿಲ್ಲ.

ಪರದೆಯ ಮೇಲ್ಭಾಗದಲ್ಲಿ ಹಿಂದಿನ ಸುತ್ತುಗಳ ಅಂಕಿಗಳು ಸಾಲಾಗಿ ಕಾಣುತ್ತವೆ. ‘ಆರು ಸಲ ಸಣ್ಣದು ಬಂದಿದೆ, ಈಗ ದೊಡ್ಡದು ಬರಲೇಬೇಕು’ ಎಂದು ಮನಸ್ಸು ಹೇಳುತ್ತದೆ. ಪ್ರತಿ ಸುತ್ತೂ ಸ್ವತಂತ್ರ; ಹಿಂದಿನದಕ್ಕೂ ಮುಂದಿನದಕ್ಕೂ ಯಾವ ಸಂಬಂಧವೂ ಇಲ್ಲ. ‘1.98ರಲ್ಲಿ ಒತ್ತಿದ್ದೆ, ಆದರೂ ಹೋಯಿತು’ ಎಂಬ ದೂರಿಗೂ ಕಾರಣ ಇದೆ. ಲೆಕ್ಕಕ್ಕೆ ಬರುವುದು ನಿಮ್ಮ ಒತ್ತು ಸರ್ವರ್ ತಲುಪಿದ ಕ್ಷಣ. ಮೊಬೈಲ್ ನೆಟ್‌ವರ್ಕ್‌ನಲ್ಲಿ 200 ಮಿಲಿಸೆಕೆಂಡ್ ತಡವಾದರೆ, ಅಷ್ಟರೊಳಗೆ ಕ್ರ್ಯಾಶ್ ಆಗುವ ಸಂಭವ ನೂರಕ್ಕೆ ಒಂದಕ್ಕಿಂತ ಜಾಸ್ತಿ. ಈ ದೂರನ್ನು ಯಾವ ಸೈಟೂ ಒಪ್ಪುವುದಿಲ್ಲ.

ಇನ್ನು ‘ಪ್ರೂವಬ್ಲಿ ಫೇರ್’ ಎಂಬ ಮುದ್ರೆ. ಬಸ್ಟಾಬಿಟ್ ಹಲವು ವರ್ಷ ಬಳಸಿದ ವಿಧಾನ ಹೀಗೆ: ‘ಬೀಜ’ ಎನ್ನುವ ಒಂದು ಗುಪ್ತ ಸಂಖ್ಯೆಯಿಂದ ಶುರುಮಾಡಿ ಎಸ್‌ಎಚ್‌ಎ-256 ಎಂಬ ಗಣಿತ ಕ್ರಿಯೆಯನ್ನು ಮೇಲಿಂದ ಮೇಲೆ ನಡೆಸಿ ಒಂದು ಕೋಟಿ ಹ್ಯಾಶ್‌ಗಳ (ಹಿಮ್ಮುಖವಾಗಿ ಬಿಡಿಸಲಾಗದ ಗುರುತಿನ ಸಂಖ್ಯೆಗಳ) ಸರಪಳಿ ಮಾಡುತ್ತಾರೆ. ಕೊನೆಯ ಹ್ಯಾಶನ್ನು ಮೊದಲೇ ಪ್ರಕಟಿಸಿ, ಸುತ್ತುಗಳಿಗೆ ಸರಪಳಿಯನ್ನು ಕೊನೆಯಿಂದ ಮೊದಲಿನ ಕಡೆಗೆ ಬಳಸುತ್ತಾರೆ. ಜೊತೆಗೆ ಇನ್ನೂ ಗಣಿಗಾರಿಕೆ ಆಗಿರದ, ಅಂದರೆ ಇನ್ನೂ ಸೃಷ್ಟಿಯೇ ಆಗಿರದ, ಒಂದು ಬಿಟ್‌ಕಾಯಿನ್ ಬ್ಲಾಕ್‌ನ (ಬಿಟ್‌ಕಾಯಿನ್ ಲೆಕ್ಕಪುಸ್ತಕದ ಒಂದು ಪುಟದ) ಹ್ಯಾಶನ್ನು ಬೆರೆಸುತ್ತೇವೆ ಎಂದು ಮುಂಚಿತವಾಗಿ ಘೋಷಿಸಿರುತ್ತಾರೆ. ಹಾಗಾಗಿ ಸೈಟ್‌ನವರು ತಮಗೆ ಬೇಕಾದ ಬೀಜ ಆರಿಸಿಕೊಳ್ಳಲು ಆಗುವುದಿಲ್ಲ. ಈ ಸುತ್ತಿನ ಹ್ಯಾಶಿಗೆ ಎಸ್‌ಎಚ್‌ಎ-256 ಹಾಕಿದರೆ ಹಿಂದಿನ ಸುತ್ತಿನ ಹ್ಯಾಶ್ ಬರಬೇಕು. ಬಂದರೆ ಫಲಿತಾಂಶವನ್ನು ನಡುವೆ ತಿದ್ದಿಲ್ಲ ಎಂದರ್ಥ. ಏವಿಯೇಟರ್ ಬೇರೆ ವಿಧಾನ ಬಳಸುತ್ತದೆ. ಅಲ್ಲಿ ಸರ್ವರ್‌ನ ಬೀಜದ ಜೊತೆ ಆ ಸುತ್ತಿನಲ್ಲಿ ಮೊದಲು ಪಣ ಇಟ್ಟ ಮೂವರ ಬೀಜಗಳು ಸೇರುತ್ತವೆ.

ಇದು ಒಳ್ಳೆಯ ವ್ಯವಸ್ಥೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಸಾಬೀತುಪಡಿಸುವುದು ಸಂಖ್ಯೆಯನ್ನು ತಿದ್ದಿಲ್ಲ ಎಂಬುದನ್ನಷ್ಟೇ. ನೀವು ಗೆದ್ದ ಹಣ ಕೊಡುತ್ತಾರೆ ಎಂಬುದಕ್ಕೆ ಅದರಲ್ಲಿ ಪುರಾವೆ ಇಲ್ಲ. ಸರಪಳಿ ಮಾಡಿದವರಿಗೆ ಮುಂದಿನ ಫಲಿತಾಂಶಗಳೆಲ್ಲ ಗೊತ್ತಿರುತ್ತವೆ. ಒಳಗಿನವರು ಅದನ್ನು ದುರ್ಬಳಕೆ ಮಾಡುತ್ತಿಲ್ಲ ಎಂಬುದಕ್ಕೂ ಪುರಾವೆ ಇಲ್ಲ. ನಕಲಿ ಸೈಟ್‌ಗಳಲ್ಲಂತೂ ‘ವೆರಿಫೈ’ ಬಟನ್ ಅವರದೇ ಪುಟದಲ್ಲಿ ಹಸಿರು ಟಿಕ್ ತೋರಿಸುವುದಕ್ಕಷ್ಟೇ ಇರುತ್ತದೆ. ಕೊನೆಯ ಹ್ಯಾಶನ್ನು ಆಟ ಶುರುವಾಗುವ ಮೊದಲು ಹೊರಗಿನ ಯಾವ ಜಾಗದಲ್ಲೂ ಪ್ರಕಟಿಸದೆ ಇದ್ದರೆ ಆ ಟಿಕ್‌ಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ.

ಹ್ಯಾಶನ್ನು ಹಿಮ್ಮುಖವಾಗಿ ಬಿಡಿಸಲಾಗದ ಕಾರಣಕ್ಕೇ, ಮುಂದಿನ ಅಂಕಿ ಹೇಳುತ್ತೇವೆನ್ನುವ ‘ಪ್ರಿಡಿಕ್ಟರ್’ ಆ್ಯಪ್‌ಗಳೆಲ್ಲ ಸುಳ್ಳು, ಒಂದೂ ಬಿಡದೆ. ಮುಂದಿನ ಫಲಿತಾಂಶ ಹೇಳಬೇಕಾದರೆ ಎಸ್‌ಎಚ್‌ಎ-256ನಂಥ ಕ್ರಿಯೆಯನ್ನು ಹಿಮ್ಮುಖವಾಗಿ ಬಿಡಿಸಬೇಕು. ಅದು ಸಾಧ್ಯವಿದ್ದಿದ್ದರೆ ಎಸ್‌ಎಚ್‌ಎ-256ರ ಮೇಲೆ ನಿಂತ ಬಿಟ್‌ಕಾಯಿನ್ ಗಣಿಗಾರಿಕೆಯ ಬುಡವೇ ಅಲುಗಾಡುತ್ತಿತ್ತು. ಅಂಥ ವಿದ್ಯೆ ಇದ್ದವನು ಟೆಲಿಗ್ರಾಮ್‌ನಲ್ಲಿ ₹2,000ಕ್ಕೆ ಮಾರುತ್ತಾ ಕೂರುವುದಿಲ್ಲ. ಅವರ ಆದಾಯ ಬರುವುದು ಬೇರೆ ಕಡೆಯಿಂದ. ಮೊದಲು ‘ಹಳೇ ಖಾತೆಯಲ್ಲಿ ಸಿಗ್ನಲ್ ಕೆಲಸ ಮಾಡಲ್ಲ, ನಮ್ಮ ಲಿಂಕ್‌ನಿಂದ ಹೊಸದು ತೆರೀರಿ’ ಎನ್ನುತ್ತಾರೆ. ಆ ಲಿಂಕ್‌ನಲ್ಲಿ ಅವರ ಅಫಿಲಿಯೇಟ್ ಕೋಡ್ ಇರುತ್ತದೆ, ನೀವು ಕಳೆದುಕೊಂಡದ್ದರಲ್ಲಿ ಇಂತಿಷ್ಟು ಪಾಲು ಅವರಿಗೆ. ನೀವು ಸೋಲುವುದೇ ಅವರ ಸಂಬಳ. ಎಪಿಕೆ ಫೈಲ್ (ಪ್ಲೇ ಸ್ಟೋರ್‌ನ ಹೊರಗಿನ ಆ್ಯಪ್) ಕಳಿಸಿ ಇನ್‌ಸ್ಟಾಲ್ ಮಾಡಿಸುವವರು ಇನ್ನೂ ಅಪಾಯ: ಎಸ್‌ಎಂಎಸ್ ಓದುವ ಅನುಮತಿ, ಆಕ್ಸೆಸಿಬಿಲಿಟಿ ಅನುಮತಿ ಕೇಳಿದರೆ ಒಟಿಪಿಗಳು ಅವರ ಕೈ ಸೇರಿದವೆಂದೇ ತಿಳಿಯಿರಿ.

ಹಣ ಒಳಗೆ ಹೋಗುವ ದಾರಿಯಲ್ಲೂ ಗುಂಡಿಗಳಿವೆ. ಒಂದು, ಯುಪಿಐ ಮೂಲಕ ‘ಏಜೆಂಟ್’ ಕೊಡುವ ಖಾತೆಗೆ ಕಳಿಸುವುದು. ಆ ಖಾತೆಗಳು ಬಾಡಿಗೆ ಖಾತೆಗಳು, ಯಾರೋ ಬಡವರ ಹೆಸರಲ್ಲಿ ತೆರೆದವು, ದಿನದಿನಕ್ಕೆ ಬದಲಾಗುತ್ತವೆ. ಇನ್ನೊಂದು, ಪಿ2ಪಿಯಲ್ಲಿ (ವ್ಯಕ್ತಿಯಿಂದ ವ್ಯಕ್ತಿಗೆ ನೇರ ವ್ಯವಹಾರದಲ್ಲಿ) ಯುಎಸ್‌ಡಿಟಿ ಎಂಬ, ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೋ ನಾಣ್ಯ ಕೊಂಡು ಟ್ರಾನ್ ಜಾಲದ ಟಿಆರ್‌ಸಿ-20 ವಿಳಾಸಕ್ಕೆ ಕಳಿಸುವುದು. ಜಾಲ ತಪ್ಪಾಗಿ ಆರಿಸಿದರೆ ಹಣ ಮರಳಿ ಸಿಗುವುದು ಅನುಮಾನ, ಕಳಿಸಿದ ಮೇಲೆ ರದ್ದು ಮಾಡುವ ದಾರಿಯಂತೂ ಇಲ್ಲ. ಹೆಚ್ಚು ನೋವು ಕೊಡುವುದು ಗೆದ್ದ ಯುಎಸ್‌ಡಿಟಿಯನ್ನು ಪಿ2ಪಿಯಲ್ಲಿ ಮಾರಿದಾಗ. ಕೊಂಡವನು ಕಳಿಸಿದ ರೂಪಾಯಿ ಬೇರೆ ಯಾರದೋ ಸೈಬರ್ ವಂಚನೆಯ ಹಣವಾಗಿದ್ದರೆ, ಎಲ್ಲೋ ಬೇರೆ ರಾಜ್ಯದ ಪೊಲೀಸರ ಪತ್ರದ ಮೇಲೆ ನಿಮ್ಮ ಸಂಬಳದ ಖಾತೆಗೆ ಲೀನ್ (ಅಷ್ಟು ಹಣ ತೆಗೆಯದಂತೆ ತಡೆ) ಬೀಳುತ್ತದೆ, ಕೆಲವೊಮ್ಮೆ ಖಾತೆಯೇ ಫ್ರೀಜ್ ಆಗುತ್ತದೆ. ಇಎಂಐ ಬೌನ್ಸ್ ಆಗುವುದು ಅಲ್ಲಿಂದ. ಬಿಡಿಸಿಕೊಳ್ಳಲು ಆ ರಾಜ್ಯದ ಠಾಣೆಯ ತನಿಖಾಧಿಕಾರಿಗೆ ವ್ಯವಹಾರದ ದಾಖಲೆ ಒಪ್ಪಿಸಬೇಕು, ಇಲ್ಲವೇ ಕೋರ್ಟ್ ಮೆಟ್ಟಿಲು ಹತ್ತಬೇಕು.

ಬೋನಸ್ ನಂಬಬೇಡಿ. ₹10,000 ಹಾಕಿದರೆ ₹10,000 ಬೋನಸ್, ಷರತ್ತು ಬೋನಸ್‌ನ 40 ಪಟ್ಟು ಆಡಬೇಕು ಎಂದಿದ್ದರೆ ನೀವು ₹4,00,000 ಪಣ ಇಡಬೇಕು. ಶೇ. 3ರ ಆಟದಲ್ಲಿ ಅದರ ಸರಾಸರಿ ನಷ್ಟ ₹12,000. ಬೋನಸ್‌ಗಿಂತ ಹೆಚ್ಚು. ಹಣ ತೆಗೆಯಲು ಹೋದಾಗ ‘ಮೊದಲು ಶೇ. 30 ತೆರಿಗೆ ಜಮಾ ಮಾಡಿ’ ಎಂದರೆ ಅಲ್ಲಿಗೆ ನಿಲ್ಲಿಸಿ. ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಟಿಡಿಎಸ್ ಗೆಲುವಿನಿಂದ ಕಡಿತವಾಗುತ್ತದೆ. ನಿಮ್ಮಿಂದ ಹೊಸದಾಗಿ ಹಣ ಹಾಕಿಸಿಕೊಂಡು ‘ರಿಲೀಸ್’ ಮಾಡುವ ತೆರಿಗೆ ಎಂಬುದೇ ಇಲ್ಲ.

ಫುಟ್‌ಬಾಲ್ ಜೆರ್ಸಿಯ ಮೇಲೆ ಹೆಸರಿದೆ, ಕ್ಯುರಸಾವ್ ದ್ವೀಪದ ಲೈಸೆನ್ಸ್ ಇದೆ ಎಂಬ ಧೈರ್ಯವೂ ಬೇಡ. ಇಂಗ್ಲೆಂಡಿನ ಲೆಸ್ಟರ್ ಸಿಟಿ ಕ್ಲಬ್‌ನ ಪ್ರಾಯೋಜಕನಾಗಿದ್ದ ಬಿಸಿ.ಗೇಮ್ ಎಂಬ ಕ್ರಿಪ್ಟೋ ಕ್ಯಾಸಿನೊ ನಡೆಸುತ್ತಿದ್ದ ಕಂಪನಿಯನ್ನು 2024ರ ನವೆಂಬರ್‌ನಲ್ಲಿ ಕ್ಯುರಸಾವ್ ನ್ಯಾಯಾಲಯ ದಿವಾಳಿ ಎಂದು ಘೋಷಿಸಿತು. ಅರ್ಜಿ ಹಾಕಿದ್ದು ಹಣ ಬಾಕಿ ಇದೆ ಎಂದ ಆಟಗಾರರ ಪರವಾಗಿ. 2023ರ ಸೆಪ್ಟೆಂಬರ್‌ನಲ್ಲಿ ಸ್ಟೇಕ್‌ನ ವಾಲೆಟ್‌ಗಳಿಂದ ಸುಮಾರು 4.1 ಕೋಟಿ ಡಾಲರ್ ಕಳುವಾಯಿತು, ಉತ್ತರ ಕೊರಿಯಾದ ಲಜಾರಸ್ ಗುಂಪಿನ ಕೆಲಸ ಎಂದು ಎಫ್‌ಬಿಐ ಹೇಳಿತು. ನಿಮ್ಮ ಬಾಕಿ ಇರುವುದು ಅವರ ಪುಸ್ತಕದಲ್ಲಿ ಒಂದು ಅಂಕಿಯಾಗಿ ಮಾತ್ರ, ನಿಮ್ಮ ಕೈಯಲ್ಲಿ ಅಲ್ಲ.

ಕಾನೂನಿನ ಕಡೆ: ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಹಣ ಕಟ್ಟಿ ಆಡುವ ಆಟ ನಡೆಸುವವರಿಗೆ ಅದರಲ್ಲಿ 3 ವರ್ಷದವರೆಗೆ ಜೈಲು, ₹1 ಕೋಟಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷ, ₹50 ಲಕ್ಷ. ಕಾಯಿನ್, ಟೋಕನ್ ಎಂದು ಹೆಸರು ಬದಲಿಸಿದರೂ ತಪ್ಪಿಸಿಕೊಳ್ಳಲಾಗದು. ಬರೀ ಆಡಿದವರಿಗೆ ಈ ಕಾಯ್ದೆ ಶಿಕ್ಷೆ ಹೇಳಿಲ್ಲ, ಆದ್ದರಿಂದ ದೂರು ಕೊಡಲು ಹೆದರಬೇಡಿ. ಖಾತೆ ಬಾಡಿಗೆಗೆ ಕೊಟ್ಟಿದ್ದರೆ ಮಾತ್ರ ಅದು ಬೇರೆ ಅಪರಾಧ.

ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಯುಪಿಐ ಹಣ ಮುಂದಿನ ಖಾತೆಗೆ ಜಿಗಿಯುವ ಮುನ್ನ ತಡೆಯಲು ಮೊದಲ ಕೆಲವು ಗಂಟೆಗಳೇ ಮುಖ್ಯ. ಯುಪಿಐಯ ಯುಟಿಆರ್ ಸಂಖ್ಯೆ, ಕ್ರಿಪ್ಟೋ ವ್ಯವಹಾರದ ಹ್ಯಾಶ್, ಕಳಿಸಿದ ಪೂರ್ತಿ ವಾಲೆಟ್ ವಿಳಾಸ, ಸೈಟ್‌ನ ಪೂರ್ತಿ ಯುಆರ್‌ಎಲ್, ಏಜೆಂಟ್ ಜೊತೆಗಿನ ಚಾಟ್, ಇವಿಷ್ಟನ್ನೂ ಚಾಟ್ ಅಳಿಸಿಹೋಗುವ ಮೊದಲು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಎಪಿಕೆ ಹಾಕಿದ್ದರೆ ಬೇರೆ ಫೋನಿನಿಂದ ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ, ಆಮೇಲೆ ಆ ಫೋನನ್ನು ರೀಸೆಟ್ ಮಾಡಿ. ಆಟ ಬಿಡಲು ಆಗುತ್ತಿಲ್ಲ, ಸಾಲದ ಮೇಲೆ ಸಾಲ ಆಗುತ್ತಿದೆ ಎನ್ನುವವರಿಗೆ, ಅವರ ಮನೆಯವರಿಗೆ: ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕನ್ನಡದಲ್ಲೂ ಮಾತಾಡುತ್ತದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ 2014ರಿಂದ ಷಟ್ ಕ್ಲಿನಿಕ್ ಇದೆ. ದೂರು ಕೊಟ್ಟ ಕೆಲವೇ ದಿನಗಳಲ್ಲಿ ‘ನಿಮ್ಮ ಯುಎಸ್‌ಡಿಟಿ ವಾಪಸ್ ತರಿಸಿಕೊಡುತ್ತೇವೆ, ಶುಲ್ಕ ಮುಂಗಡ’ ಎಂದು ಯಾರಾದರೂ ಮೆಸೇಜ್ ಮಾಡಿದರೆ ಉತ್ತರವನ್ನೂ ಕೊಡಬೇಡಿ, ಆ ನಂಬರನ್ನೂ ಅದೇ ದೂರಿಗೆ ಸೇರಿಸಿ.