ಮೂರು ವಿಶ್ವವಿದ್ಯಾಲಯ, 11 ವರ್ಷ: ಬರೆದದ್ದು ಕೈಗೆ ಮರಳಿತೇ?

ಕಟ್ಟಡ, ವಸತಿನಿಲಯ, ಶ್ರೇಯಾಂಕಗಳ ಸಂಗತಿ ಎಲ್ಲರಿಗೂ ಸಿಗುವ ಪ್ರವೇಶ ಕೈಪಿಡಿಯಲ್ಲೇ ಇರುತ್ತದೆ. ನಾನು ಅದರ ಗೋಜಿಗೆ ಹೋಗುವುದಿಲ್ಲ. ನಾನು ಇತಿಹಾಸವನ್ನು ಮೂರು ಕಡೆ ಓದಿದವಳು. ಪದವಿ, ಹತ್ತಾರು ಸಂಯೋಜಿತ ಕಾಲೇಜುಗಳಿರುವ ದೊಡ್ಡ ವಿಶ್ವವಿದ್ಯಾಲಯದಲ್ಲಿ. ಸ್ನಾತಕೋತ್ತರ ಪದವಿ, ಒಂದೇ ಆವರಣದ ಸಣ್ಣ ವಿಶ್ವವಿದ್ಯಾಲಯದಲ್ಲಿ. ನೌಕರಿಗೆ ಸೇರಿದ ಮೇಲೆ ಒಂದು ಡಿಪ್ಲೊಮಾ, ದೂರಶಿಕ್ಷಣದಲ್ಲಿ. ಮೂರನ್ನೂ ನಾನು ತೂಗುವುದು ಒಂದೇ ತಕ್ಕಡಿಯಲ್ಲಿ: ನಾನು ಬರೆದ ಉತ್ತರ ನನ್ನ ಕೈಗೆ ಮರಳಿ ಬಂದಿತೇ, ಬಂದಾಗ ಅದರ ಮೇಲೆ ಏನಿತ್ತು?

ಮೊದಲನೆಯದರಲ್ಲಿ ಬರಲೇ ಇಲ್ಲ. ಮೂರು ಗಂಟೆ ಕೈ ಸೋಲುವಂತೆ ಬರೆದು, ಹೆಚ್ಚುವರಿ ಹಾಳೆಗಳನ್ನು ದಾರದಿಂದ ಕಟ್ಟಿ ಕೊಟ್ಟರೆ ಅಲ್ಲಿಗೆ ಋಣ ಮುಗಿಯಿತು. ತಿಂಗಳುಗಳು ಕಳೆದ ಮೇಲೆ ಅಂಕಪಟ್ಟಿಯಲ್ಲಿ 58 ಎಂಬ ಸಂಖ್ಯೆ. ಯಾವ ಉತ್ತರ ಕೈಕೊಟ್ಟಿತು, ಯಾವುದು ಕಾಪಾಡಿತು ಎಂದು ತಿಳಿಯುವ ದಾರಿಯಿಲ್ಲ. ಮರುಮೌಲ್ಯಮಾಪನಕ್ಕೆ ಶುಲ್ಕ ಕಟ್ಟಿದರೆ ಇನ್ನೊಂದು ಸಂಖ್ಯೆ ಬರುತ್ತಿತ್ತೇ ಹೊರತು ಒಂದು ಮಾತು ಬರುತ್ತಿರಲಿಲ್ಲ. ನನಗೆ ಪಾಠ ಹೇಳಿದ ಅಧ್ಯಾಪಕರಿಗೂ ನನ್ನ ಅಂಕ ನಾನು ಹೇಳಿದ ಮೇಲೆಯೇ ಗೊತ್ತಾಗುತ್ತಿತ್ತು.

ಇದು ಯಾರೋ ಒಬ್ಬ ಅಧಿಕಾರಿಯ ಅಸಡ್ಡೆಯಲ್ಲ, ವ್ಯವಸ್ಥೆ ಹುಟ್ಟಿದ್ದೇ ಹಾಗೆ. 1836ರಲ್ಲಿ ಸ್ಥಾಪನೆಯಾದ ಲಂಡನ್ ವಿಶ್ವವಿದ್ಯಾಲಯ ತಾನಾಗಿ ಪಾಠ ಹೇಳುತ್ತಿರಲಿಲ್ಲ. ಪಾಠ ಕಾಲೇಜುಗಳದ್ದು, ಪರೀಕ್ಷೆ ಮತ್ತು ಪದವಿ ಮಾತ್ರ ಅದರದ್ದು. 1858ರಲ್ಲಿ ಯಾವ ಕಾಲೇಜಿಗೂ ಸೇರದವರಿಗೂ ಅದು ಪರೀಕ್ಷೆಯ ಬಾಗಿಲು ತೆರೆಯಿತು. 1857ರಲ್ಲಿ ಕಲ್ಕತ್ತ, ಬಾಂಬೆ, ಮದ್ರಾಸುಗಳಲ್ಲಿ ಆರಂಭವಾದ ವಿಶ್ವವಿದ್ಯಾಲಯಗಳಿಗೂ ಅದೇ ಮಾದರಿ. ಕಲಿಸುವವರೊಬ್ಬರು, ಅಳೆಯುವವರು ಇನ್ನೊಬ್ಬರು. ಇದನ್ನು ನಾನು ತಿಳಿದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಸುಮ್ಮನೆ ಬೈದುಕೊಂಡಿದ್ದೆ.

ಎರಡನೆಯ ವಿಶ್ವವಿದ್ಯಾಲಯದಲ್ಲಿ ವಿಭಾಗದ ಬಾಗಿಲ ಹೊರಗೆ ಮರದ ಗೂಡುಗಳ ಸಾಲಿತ್ತು, ಒಬ್ಬೊಬ್ಬರಿಗೆ ಒಂದೊಂದು. ತಿದ್ದಿದ ಪ್ರಬಂಧವನ್ನು ಮಡಚಿ ಅಲ್ಲಿ ಇಡುತ್ತಿದ್ದರು. ನಾನದನ್ನು ತೆಗೆದುಕೊಂಡು ಮೆಟ್ಟಿಲುಗಳ ತಿರುವಿನಲ್ಲಿದ್ದ ಕಿಟಕಿಯ ಕಟ್ಟೆಗೆ ಹೋಗಿ ಕೂರುತ್ತಿದ್ದೆ. ಶ್ರೇಣಿ ಕೊನೆಯ ಪುಟದಲ್ಲಿರುತ್ತಿತ್ತು. ಆ ಪುಟವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಮೊದಲ ಪುಟದ ಅಂಚಿನಿಂದ ಪೆನ್ಸಿಲ್ ಟಿಪ್ಪಣಿಗಳನ್ನು ಒಂದೊಂದಾಗಿ ಓದುವುದು ನನ್ನ ವ್ರತ. ಎರಡು ವರ್ಷದಲ್ಲಿ ಒಮ್ಮೆಯೂ ಮುರಿಯಲಿಲ್ಲ.

ಮೊದಲ ಪ್ರಬಂಧ ಕೈಗಾರಿಕಾ ಕ್ರಾಂತಿಯ ಬಗ್ಗೆ. ‘ಬ್ರಿಟನ್ನಿನಲ್ಲಿ ಕಲ್ಲಿದ್ದಲು ಹೇರಳವಾಗಿತ್ತು. ಆದ್ದರಿಂದ ಉಗಿಯಂತ್ರ ಬಳಕೆಗೆ ಬಂದಿತು’ ಎಂದು ಬರೆದಿದ್ದೆ. ‘ಆದ್ದರಿಂದ’ದ ಸುತ್ತ ಪೆನ್ಸಿಲಿನ ಸುತ್ತು, ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ: ‘ಕಲ್ಲಿದ್ದಲು ಬೇರೆಡೆಯೂ ಇತ್ತು. ಅಲ್ಲಿ ಏಕೆ ಬರಲಿಲ್ಲ?’ ಆರು ಪುಟಗಳಲ್ಲಿ ಒಂಬತ್ತು ‘ಆದ್ದರಿಂದ’, ಒಂಬತ್ತಕ್ಕೂ ಸುತ್ತು. ಸಿಟ್ಟು ಬಂದಿತು. ಸಿಟ್ಟಿನಲ್ಲೇ ಗ್ರಂಥಾಲಯಕ್ಕೆ ಹೋದೆ. 1712ರ ನ್ಯೂಕಾಮೆನ್ ಯಂತ್ರ ಗಣಿಯ ನೀರು ಎತ್ತುವುದಕ್ಕೆ ಹುಟ್ಟಿದ್ದು, ಅದು ವಿಪರೀತ ಇಂಧನ ತಿನ್ನುತ್ತಿತ್ತು, ಗಣಿಯ ಬಾಯಲ್ಲೇ ಕಲ್ಲಿದ್ದಲು ಅಗ್ಗವಾಗಿ ಸಿಗುತ್ತಿದ್ದುದರಿಂದ ಮಾತ್ರ ಆ ಹೊಟ್ಟೆಬಾಕತನ ನಡೆಯಿತು ಎಂದು ಓದಿದಾಗ, ನಾನು ಬರೆದ ‘ಆದ್ದರಿಂದ’ದ ಹೊಟ್ಟೆಯಲ್ಲಿ ಏನೇನು ಇರಬೇಕಿತ್ತು ಎಂದು ತಿಳಿಯಿತು. ಪದವಿಯ ಮೂರು ವರ್ಷಗಳಲ್ಲಿ ಇಂಥ ‘ಆದ್ದರಿಂದ’ಗಳನ್ನು ಎಷ್ಟು ಬರೆದಿದ್ದೆನೋ. ಯಾರೂ ಕೇಳಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಎರಡನೆಯದಕ್ಕೆ ಐದಕ್ಕೆ ಐದು ತಾರೆ. ಆದರೆ ಸಣ್ಣ ವಿಭಾಗದಲ್ಲಿ ಪಾಠ ಹೇಳಿದವರೇ ತಿದ್ದುತ್ತಾರೆ, ನಮ್ಮ ಕೈಬರಹ ಅವರಿಗೆ ನಮ್ಮ ಮುಖದಷ್ಟೇ ಪರಿಚಿತ. ಮೂರನೆಯ ಸೆಮಿಸ್ಟರಿನಲ್ಲಿ ಒಬ್ಬ ಪ್ರಾಧ್ಯಾಪಕರ ವಾದಕ್ಕೆ ತರಗತಿಯಲ್ಲಿ ಎದುರಾಡಿದೆ. ಆಮೇಲೆ ಅವರಿಂದ ಬಂದ ಪ್ರಬಂಧಗಳ ಅಂಚು ಬೋಳಾಗಿತ್ತು. ಟಿಪ್ಪಣಿಯಿಲ್ಲ, ಸುತ್ತಿಲ್ಲ, ಕೊನೆಯ ಪುಟದಲ್ಲಿ ಒಂದು ‘ಬಿ’. ಅದು ನನ್ನ ಪ್ರಬಂಧಕ್ಕೆ ಬಿದ್ದ ‘ಬಿ’ಯೋ, ನನ್ನ ಬಾಯಿಗೆ ಬಿದ್ದದ್ದೋ? ಕೇಳುವುದಾದರೂ ಯಾರನ್ನು?

ಆಗ ನೆನಪಾದದ್ದು ನಾನು ಬೈದಿದ್ದ ಮೊದಲ ವಿಶ್ವವಿದ್ಯಾಲಯ. ಅಲ್ಲಿ ನಾನೊಂದು ನೋಂದಣಿ ಸಂಖ್ಯೆ. ಮೌಲ್ಯಮಾಪಕರ ಮುಂದೆ ಹೋಗುವಾಗ ಅದನ್ನೂ ಮರೆಮಾಡುತ್ತಿದ್ದರು. ಆ 58 ಮೂಕವಾಗಿತ್ತು, ನಿಜ. ಆದರೆ ಅದನ್ನು ಕೊಟ್ಟವರಿಗೆ ನನ್ನ ಮೇಲೆ ಪ್ರೀತಿಯೂ ಇರಲಿಲ್ಲ, ಮುನಿಸೂ ಇರಲಿಲ್ಲ. ಅಂಕ ಕಡಿಮೆ ಬಂದರೂ ನಿದ್ದೆ ಕೆಟ್ಟಿರಲಿಲ್ಲ.

ಮೂರನೆಯದನ್ನು ಆರಿಸಿದ್ದು ಸಂಬಳದಲ್ಲಿ ಕಂತು ಕಟ್ಟಬಹುದೆಂದು, ರಜೆ ಹಾಕಬೇಕಿಲ್ಲವೆಂದು. ಇನ್ನೊಂದು ಆಸೆಯೂ ಇತ್ತು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1969ರಲ್ಲಿ ಸ್ಥಾಪನೆಯಾಗಿ 1971ರಲ್ಲಿ ಪಾಠ ಆರಂಭಿಸಿದಾಗ, ವಿದ್ಯಾರ್ಥಿ ಅಂಚೆಯಲ್ಲಿ ಕಳಿಸಿದ ಅಸೈನ್‌ಮೆಂಟನ್ನು ಟ್ಯೂಟರ್ ತಿದ್ದಿ, ಟಿಪ್ಪಣಿ ಬರೆದು ಹಿಂದಿರುಗಿಸುವುದು ಬೋಧನೆಯ ದೊಡ್ಡ ಭಾಗವಾಗಿತ್ತು ಎಂದು ಓದಿದ್ದೆ. ಮುಖ ಕಾಣದ ಗುರು, ಆದರೆ ಮಾತಾಡುವ ಗುರು. ಎರಡರ ಒಳ್ಳೆಯದೂ ಒಂದೇ ಕಡೆ ಸಿಗುತ್ತದೆ ಎಂದುಕೊಂಡೆ.

ಮೊದಲ ಎರಡು ಅಸೈನ್‌ಮೆಂಟುಗಳಲ್ಲಿ ಸಿಕ್ಕಿತು ಕೂಡ. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು, ಕಿಟಕಿ ಕಟ್ಟೆಯ ದಿನಗಳಂತೆಯೇ ಅಂಕದ ಮೇಲೆ ಅಂಗೈ ಇಟ್ಟು ಟಿಪ್ಪಣಿ ಓದುತ್ತಿದ್ದೆ. ಮೂರನೆಯದಕ್ಕೆ ಉದ್ದನೆಯ ಟಿಪ್ಪಣಿ ಬಂದಿತು: ‘ನಿಮ್ಮ ವಾದ ಸ್ಪಷ್ಟವಾಗಿದೆ. ನಕ್ಷೆಯ ಬಳಕೆ ವಿಶೇಷವಾಗಿ ಮೆಚ್ಚುಗೆಯಾಯಿತು.’ ನಾನು ನಕ್ಷೆಯನ್ನೇ ಹಾಕಿರಲಿಲ್ಲ. ಸಹಪಾಠಿಯೊಬ್ಬರಿಗೆ ಫೋನ್ ಮಾಡಿದೆ. ಅವರು ತಮ್ಮದನ್ನು ಓದಿ ಹೇಳಿದರು. ಅದೇ ವಾಕ್ಯಗಳು, ಅದೇ ಮೆಚ್ಚುಗೆ. ಅವರೂ ನಕ್ಷೆ ಹಾಕಿರಲಿಲ್ಲ. ಯಾರೋ ಪುಣ್ಯಾತ್ಮರು ಹಾಕಿದ್ದ ಒಂದೇ ನಕ್ಷೆಯ ಮೆಚ್ಚುಗೆಯನ್ನು ನಾವೆಲ್ಲ ಹಂಚಿಕೊಂಡಿದ್ದೆವು. ಮೂಕ 58ನ್ನು ಕ್ಷಮಿಸಬಹುದು, ಇದನ್ನು ಆಗುವುದಿಲ್ಲ. ಡಿಪ್ಲೊಮಾ ಮುಗಿಸಿದೆ, ಕಂತು ಕಟ್ಟಿಯಾಗಿತ್ತು.

ಯಾರಾದರೂ ಎಲ್ಲಿ ಸೇರಲಿ ಎಂದು ಕೇಳಿದರೆ, ಜಗಳ ಮಾಡುವ ಸ್ವಭಾವವಿದ್ದರೆ ದೊಡ್ಡದಕ್ಕೆ ಹೋಗಿ ಎನ್ನುತ್ತೇನೆ. ಬರೆಯುವುದನ್ನು ಕಲಿಯಬೇಕಿದ್ದರೆ ಸಣ್ಣದು, ಮಾತನ್ನು ಸ್ವಲ್ಪ ಹಿಡಿತದಲ್ಲಿಟ್ಟುಕೊಂಡು. ನನಗಂತೂ ಮತ್ತೆ ಓದುವ ಚಪಲ. ಕಳೆದ ವಾರ ನಾಲ್ಕನೆಯ ಕಡೆಯೊಂದರ ಪ್ರವೇಶ ವಿಭಾಗಕ್ಕೆ ಫೋನ್ ಮಾಡಿ, ತಿದ್ದಿದ ಉತ್ತರ ಪತ್ರಿಕೆಯನ್ನು ವಿದ್ಯಾರ್ಥಿಗೆ ಹಿಂದಿರುಗಿಸುತ್ತೀರಾ ಎಂದು ಕೇಳಿದೆ. ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇನ್ನೂ ಸೇರಿಯೇ ಇಲ್ಲವಲ್ಲ ಮೇಡಂ, ಆಗಲೇ ಮರುಮೌಲ್ಯಮಾಪನದ ಯೋಚನೆಯೇ?’ ಎಂದರು.