ಸಿಮ್, ಆಂಟೆನಾ, ಫೈಬರ್ ಮೂರೂ ನೋಡಿದ್ದಾಯ್ತು, ನಮ್ಮೂರಿಗೆ ಟವರೇ ಬೇಕು

ನಮ್ಮೂರು ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆ ಗುಡ್ಡಗಳ ಮಗ್ಗುಲಲ್ಲಿದೆ. ಹತ್ತಿರದ ಟವರ್ ಇರುವುದು ಗುಡ್ಡದ ಆಚೆ. ದೂರ ಜಾಸ್ತಿ ಏನಿಲ್ಲ, ಆದರೆ ನಡುವೆ ಕಲ್ಲುಗುಡ್ಡ ಅಡ್ಡ ನಿಂತಿದೆ. ಊರೊಳಗೆ ಒಂದೆರಡು ಕಡ್ಡಿ ಸಿಗ್ನಲ್ ಬರುತ್ತೆ. ಅಡಿಕೆ ತೋಟಕ್ಕೆ ಇಳಿದರೆ ಅದೂ ಇಲ್ಲ.

ಕಳೆದ ಮಳೆಗಾಲದಲ್ಲಿ ಚಿಕ್ಕಪ್ಪ ತೋಟದ ಬದುವಿನಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. 108ಕ್ಕೆ ಫೋನ್ ಮಾಡಲು ನಾನು ಹುಣಸೆಮರದ ತನಕ ಓಡಬೇಕಾಯಿತು. ಆ ಕಡೆಗೆಲ್ಲ ಮಾತು ಕೇಳಿಸುವ ಜಾಗ ಅದೊಂದೇ. ಅವತ್ತಿನಿಂದ ಒಂದೊಂದೇ ದಾರಿ ಹಿಡಿದು ನೋಡುತ್ತಾ ಬಂದಿದ್ದೇನೆ.

ಮೊದಲು ಸಿಮ್. ಮೂರು ಕಂಪನಿಗಳ ಸಿಮ್ ತಂದೆ. ಮಾರಮ್ಮನ ಗುಡಿಯಿಂದ ನಮ್ಮ ತೋಟದವರೆಗೆ 47 ಕರೆಂಟ್ ಕಂಬಗಳಿವೆ. ಪ್ರತಿ ಕಂಬದ ಕೆಳಗೆ ನಿಂತು ಸಿಗ್ನಲ್ ಎಷ್ಟಿದೆ ಅಂತ ಬರೆದುಕೊಂಡೆ. ಕಡ್ಡಿ ನಂಬಬೇಡಿ, ಒಂದೊಂದು ಫೋನ್ ಒಂದೊಂದು ಥರ ತೋರಿಸುತ್ತೆ. ಸೆಟ್ಟಿಂಗ್ಸ್‌ನಲ್ಲಿ ಡಿಬಿಎಂ ಅಂತ ಒಂದು ಅಂಕಿ ಇರುತ್ತೆ, ಅದನ್ನು ನೋಡಿ. 4ಜಿಯಲ್ಲಿ ಮೈನಸ್ 90ರ ಆಸುಪಾಸಿದ್ದರೆ ಆರಾಮ. ಮೈನಸ್ 115 ದಾಟಿದರೆ ಮಾತು ತುಂಡುತುಂಡಾಗುತ್ತೆ. ಮೂರರಲ್ಲಿ ಒಳ್ಳೆಯದು 19 ಕಂಬದವರೆಗೆ ಬಂತು, ಉಳಿದವು 12 ಮತ್ತು 8. ಆ ಒಳ್ಳೆಯ ಸಿಮ್ ಓಡುತ್ತಿದ್ದದ್ದು 900 ಮೆಗಾಹರ್ಟ್ಸ್ ತರಂಗದಲ್ಲಿ. 1800, 2300ಕ್ಕಿಂತ ಅದು ದೂರ ಹೋಗುತ್ತೆ, ಅಡ್ಡ ಸಿಕ್ಕಿದ್ದನ್ನು ಒಂದಿಷ್ಟು ಬಳಸಿಕೊಂಡೂ ಬರುತ್ತೆ. ತೋಟದಲ್ಲಿ ಮಾತ್ರ ಮೂರೂ ಸೊನ್ನೆ.

ಆಮೇಲೆ ಆಂಟೆನಾ. ತಾರಸಿ ಮೇಲೆ 20 ಅಡಿ ಪೈಪ್ ನಿಲ್ಲಿಸಿ, ಒಂದೇ ದಿಕ್ಕಿಗೆ ಮುಖ ಮಾಡುವ ಆಂಟೆನಾ ಕಟ್ಟಿ, ಕೆಳಗೆ 4ಜಿ ರೂಟರ್ ಇಟ್ಟೆವು. ನಾನು ಪೈಪ್ ತಿರುಗಿಸುತ್ತಿದ್ದೆ. ಒಳಗಿಂದ ನನ್ನ ಹೆಂಡತಿ ಅಂಕಿ ಓದುತ್ತಿದ್ದಳು. "118... 112... ಇನ್ನೊಂಚೂರು ಎಡಕ್ಕೆ... ನಿಲ್ಲಿಸಿ, 96!" ಬೆರಳಗಲ ತಿರುಗಿದರೂ ಅಂಕಿ ಬದಲಾಗುತ್ತಿತ್ತು. ಎಲ್ಲ ಸೇರಿ 7 ಸಾವಿರ ಖರ್ಚಾಯಿತು. ಮನೆಯಲ್ಲಿ ಮಗಳ ಪಾಠ ನಡೆಯಿತು, ಅಷ್ಟಕ್ಕೆ ಚೆನ್ನಾಗಿದೆ.

ಇಲ್ಲೇ ಒಂದು ಮಾತು. ದಾವಣಗೆರೆಯ ಅಂಗಡಿಯೊಂದರಲ್ಲಿ ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ತೋರಿಸಿದರು, ನಾನು ತರಲಿಲ್ಲ. ಅನುಮತಿ ಇಲ್ಲದೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ. ಟವರ್‌ಗೆ ಗದ್ದಲ ತುಂಬಿ ಪಕ್ಕದವರ ಕಾಲ್ ಕೂಡ ಕೆಡಿಸುತ್ತೆ. ದಯವಿಟ್ಟು ಆ ದಾರಿಗೆ ಹೋಗಬೇಡಿ.

ಮನೆ ಮಟ್ಟಿಗೆ ಕೇಳಿದರೆ ಗೆದ್ದದ್ದು ಫೈಬರ್ ಇಂಟರ್ನೆಟ್. ಕರೆಂಟ್ ಕಂಬದ ಮೇಲೆ ಎಳೆದುಕೊಂಡು ಬಂದರು. ಫೋನ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ಸಿಗ್ನಲ್ ಇಲ್ಲದಿದ್ದರೂ ಕಾಲ್ ಬರುತ್ತೆ. ಅಮ್ಮನ ಕೀಪ್ಯಾಡ್ ಫೋನ್‌ಗೆ ಮಾತ್ರ ಆ ಸೌಲಭ್ಯ ಇಲ್ಲ. ಕರೆಂಟ್ ಹೋದರೆ ರೂಟರ್ ಸತ್ತಂತೆ, ಅದಕ್ಕೊಂದು ಬ್ಯಾಟರಿ ಇಡಲೇಬೇಕು. ಗಾಳಿಗೆ ಸೋಗೆ ಬಿದ್ದು ಎರಡು ಸಲ ವೈರ್ ಹರಿಯಿತು.

ಆದರೆ ಬೋರ್ ಇರುವುದು ತೋಟದಲ್ಲಿ. ಫೋನ್‌ನಿಂದಲೇ ಮೋಟಾರ್ ಆನ್ ಮಾಡುವ ಮೊಬೈಲ್ ಸ್ಟಾರ್ಟರ್ ಹಾಕಿಸಿದವರಿಗೆ ಗೊತ್ತು, ಅದರೊಳಗೂ ಒಂದು ಸಿಮ್ ಇರುತ್ತೆ. ಸಿಗ್ನಲ್ ಇಲ್ಲದ ಕಡೆ ಅದು ಸುಮ್ನೆ ಡಬ್ಬಿ. ತ್ರೀ ಫೇಸ್ ರಾತ್ರಿ ಎರಡಕ್ಕೆ ಬಂದರೆ ನಾವು ಟಾರ್ಚ್ ಹಿಡಿದು ಹಾವು ಚೇಳಿನ ನಡುವೆ ನಡೆದೇ ಹೋಗಬೇಕು. ಚಿಕ್ಕಪ್ಪ ಬಿದ್ದದ್ದೂ ತೋಟದಲ್ಲೇ, ಮನೆಯಲ್ಲಿ ಅಲ್ಲ ಅಲ್ವಾ? ಆಂಟೆನಾ ಆಗಲಿ ಫೈಬರ್ ಆಗಲಿ ನಾಲ್ಕು ಗೋಡೆ ದಾಟುವುದಿಲ್ಲ. ಅದಕ್ಕೇ ನಾನು ಟವರ್ ಕೇಳುತ್ತಿರುವುದು.

2022ರ ಜುಲೈನಲ್ಲಿ ಕೇಂದ್ರ ಸಚಿವ ಸಂಪುಟ 24,680 ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದು ಸಿಗ್ನಲ್ಲೇ ಮುಟ್ಟದ ಹಳ್ಳಿಗಳಿಗಾಗಿ. ಆದರೆ ಕಂಪನಿಯ ನಕ್ಷೆಯಲ್ಲಿ ನಮ್ಮೂರಿಗೆ ಪೂರ್ತಿ ಬಣ್ಣ ತುಂಬಿದೆ, ಅಂದರೆ ಎಲ್ಲ ಕಡೆ ಸಿಗ್ನಲ್ ಇದೆ ಅಂತ ಲೆಕ್ಕ. ಹಾಗಾಗಿ ತೂತು ಎಲ್ಲಿದೆ ಅಂತ ನಾವೇ ತೋರಿಸಬೇಕು, 47 ಕಂಬದ ಪಟ್ಟಿ ಅದಕ್ಕೇ ಬೇಕಾಗಿದ್ದು.

ಜಾಗ ಯಾವುದು ಅನ್ನುವುದನ್ನೂ ನೋಡಿದೆವು. ಅಮಾವಾಸ್ಯೆಯ ರಾತ್ರಿ ತಮ್ಮ ದೊಡ್ಡ ಟಾರ್ಚ್ ಹಿಡಿದು ಒಂದೊಂದು ಕಡೆ ನಿಂತ, ನಾನು ಕಂಬದಿಂದ ಕಂಬಕ್ಕೆ ನಡೆದೆ. ಬೆಳಕು ಕಂಡ ಕಡೆ ಸಿಗ್ನಲ್ಲೂ ಹೆಚ್ಚುಕಡಿಮೆ ಸಿಗುತ್ತೆ. ನೀರಿನ ಟ್ಯಾಂಕ್ ಮೇಲಿಂದ 21 ಕಂಬಕ್ಕೆ ಕಂಡಿತು. ಗುಡ್ಡದ ಭುಜದ ಮೇಲಿಂದ 44. ಆದರೆ ಅದು ಅರಣ್ಯದ ಜಾಗ, ರಸ್ತೆ ಇಲ್ಲ, ಕರೆಂಟ್ ಇಲ್ಲ. ಶಾಲೆ ಹಿಂದಿನ ದಿಬ್ಬದಿಂದ 38. ಟವರ್ 40 ಮೀಟರ್ ಎತ್ತರಕ್ಕೆ ಎದ್ದರೆ ಇನ್ನೂ ಒಂದೆರಡು ಸೇರಬಹುದು. ನನ್ನ ಓಟು ದಿಬ್ಬಕ್ಕೇ.

ಶಾಲೆ ಪಕ್ಕ ಬೇಡ ಅಂತ ಕೆಲವು ಅಕ್ಕಂದಿರು ಹೆದರಿದರು. ಅವರ ಹೆದರಿಕೆಯನ್ನು ತಳ್ಳಿಹಾಕಲಾರೆ. ನಮ್ಮ ದೇಶ 2012ರಲ್ಲೇ ಟವರ್ ವಿಕಿರಣದ ಮಿತಿಯನ್ನು ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. ಇನ್ನೊಂದು, ಸಿಗ್ನಲ್ ಕಮ್ಮಿ ಇದ್ದಷ್ಟೂ ಕಿವಿಗೆ ಹಿಡಿದ ಫೋನೇ ಜಾಸ್ತಿ ಶಕ್ತಿ ಹಾಕಿ ಕೂಗುತ್ತೆ. ಇದನ್ನು ಕೂತು ಹೇಳಿದ ಮೇಲೆ ದಿಬ್ಬದ ಆಚೆ ಅಂಚು ಆಗಬಹುದು ಅಂದರು. ಅಲ್ಲಿಂದಲೂ ಟಾರ್ಚ್ ಹಿಡಿದು ನೋಡಿದೆವು, 37 ಬಂತು.

ಉಳಿದ ಹತ್ತೂ ಹಳ್ಳದ ಇಳಿಜಾರಿನವು. ಅಲ್ಲಿ ಎರಡೇ ಮನೆ. ಅವರಿಗೆ ನಮ್ಮ ಥರದ ಆಂಟೆನಾ ಸಾಕು, ಪೈಪ್ ತಿರುಗಿಸಲು ನಾನೇ ಹೋಗುತ್ತೇನೆ ಅಂತ ಹೇಳಿದ್ದೇನೆ.